ಅಪ್ಪನ ಕೈಯಿಂದ ಚೊಂಬು ಕಿತ್ಕೋಬೇಡಿ

ಅಪ್ಪನ ಬಲಗಣ್ಣು ಹೋಗಿ ನಾಲ್ಕು ವರ್ಷ ಆಯಿತು. ಸೌದೆ ಒಡೆಯುವಾಗ ಚಕ್ಕೆ ಹಾರಿ ಬಡಿದಿತ್ತು. ಆಸ್ಪತ್ರೆಯಿಂದ ಬಂದ ಮಾರನೇ ದಿನ ಲೋಟಕ್ಕೆ ಕಾಫಿ ಬಗ್ಗಿಸಲು ಹೋದರು. ಕಾಫಿಯೆಲ್ಲ ಮೇಜಿನ ಮೇಲೆ. ಲೋಟ ಎರಡು ಬೆರಳು ಆಚೆ ಇತ್ತು. ಅಮ್ಮ ಗಾಬರಿಯಾಗಿ ಚೊಂಬು ಕಿತ್ತುಕೊಂಡರು. ನೋಡಲು ಬಂದವರೆಲ್ಲ ಅದನ್ನೇ ಹೇಳಿದರು: "ಇನ್ಮೇಲೆ ಇವರಿಗೆ ದೂರ ಹತ್ತಿರ ಗೊತ್ತಾಗಲ್ಲ, ಏನೂ ಮಾಡೋಕೆ ಬಿಡಬೇಡಿ."

ಅಪ್ಪನನ್ನು ಕಣ್ಣಿಗಿಂತ ಜಾಸ್ತಿ ನೋಯಿಸಿದ್ದು ಈ ಮಾತು. ಇದು ನಿಜವೂ ಅಲ್ಲ.

ನಮ್ಮ ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ ಇದೆ. ಹಾಗಾಗಿ ಎರಡಕ್ಕೂ ಕಾಣುವ ಚಿತ್ರ ಸ್ವಲ್ಪ ಬೇರೆ ಬೇರೆ. ಆ ವ್ಯತ್ಯಾಸದಿಂದಲೇ ಮಿದುಳು ಆಳ ಅಳೆಯುತ್ತದೆ. ಇದನ್ನು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲೇ ತೋರಿಸಿಕೊಟ್ಟಿದ್ದ. ಲೋಟ, ಸೂಜಿ, ಮೆಟ್ಟಿಲು, ಹೀಗೆ ಹತ್ತಿರದ ಕೆಲಸಕ್ಕೆ ಇದು ತುಂಬಾ ಬೇಕು. ದೂರ ಹೋದ ಹಾಗೆ ಎರಡೂ ಚಿತ್ರ ಹೆಚ್ಚುಕಡಿಮೆ ಒಂದೇ. ಎದುರಿನ ಗುಡ್ಡಗಳನ್ನೇ ನೋಡಿ. ಮುಂದಿನದು ಹಸಿರು, ಅದರ ಹಿಂದಿನದು ನೀಲಿ, ಇನ್ನೂ ಹಿಂದಿನದು ಮಸುಕು. ಯಾವುದು ದೂರ ಅಂತ ತಿಳಿಯಲು ಒಂದು ಕಣ್ಣು ಸಾಕಲ್ವಾ?

ಇನ್ನೊಂದು ದಾರಿಯೂ ಇದೆ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಕಂಬ ಸರ್ರನೆ ಓಡುತ್ತದೆ, ದೂರದ ಮರ ನಿಧಾನ. ಅಪ್ಪ ಈಗ ಕತ್ತನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸಿ ನೋಡುತ್ತಾರೆ. ಯಾವುದು ಹೆಚ್ಚು ಜರುಗುತ್ತದೋ ಅದು ಹತ್ತಿರ. ಇದನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ. ತಾನಾಗೇ ಬಂತು.

ಕ್ರಿಕೆಟ್ ಆಟಗಾರ ಮನ್ಸೂರ್ ಅಲಿ ಖಾನ್ ಪಟೌಡಿ 1961ರಲ್ಲಿ ಇಂಗ್ಲೆಂಡಿನ ಹೋವ್‌ನಲ್ಲಿ ಕಾರು ಅಪಘಾತವಾಗಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಅದೇ ಡಿಸೆಂಬರಿನಲ್ಲಿ ಮೊದಲ ಟೆಸ್ಟ್ ಆಡಿದರು. 21ನೇ ವಯಸ್ಸಿಗೆ ಭಾರತ ತಂಡದ ನಾಯಕ. 1964ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 203. ವೇಗದ ಚೆಂಡು ಎಲ್ಲಿ ಬರುತ್ತಿದೆ ಅಂತ ಒಂದೇ ಕಣ್ಣಲ್ಲಿ ಅಳೆದವರು ಅವರು. ಎಲ್ಲರೂ ಪಟೌಡಿ ಆಗಬೇಕಿಲ್ಲ. ಆದರೆ ಕಲಿಯಲು ಬಿಡಬೇಕು, ಅಷ್ಟೇ ನಾನು ಕೇಳುವುದು.

ತೊಂದರೆಗಳು ಇವೆ, ಇಲ್ಲ ಅನ್ನುವುದಿಲ್ಲ. ಬಲಗಡೆಯಿಂದ ಸುಮ್ನೆ ಹೋಗಿ ನಿಂತರೆ ಅಪ್ಪ ಬೆಚ್ಚಿಬೀಳುತ್ತಾರೆ. ಮಾತಾಡುತ್ತಾ ಬನ್ನಿ. ಬೀಗದ ಕೈ ಎಸೆಯಬೇಡಿ, ಕೈಗೆ ಕೊಡಿ. ಮೆಟ್ಟಿಲ ಅಂಚಿಗೆ ನಾವು ಹಳದಿ ಬಣ್ಣ ಬಳಿದಿದ್ದೇವೆ, ಅದರಿಂದ ಬಹಳ ಉಪಕಾರವಾಯಿತು.

ಕಾಫಿಗೂ ಅಪ್ಪನೇ ಉಪಾಯ ಕಂಡುಕೊಂಡರು. ಚೊಂಬಿನ ಅಂಚನ್ನು ಮೊದಲು ಲೋಟದ ಅಂಚಿಗೆ ತಾಗಿಸುತ್ತಾರೆ. ಟಿಣ್ ಅಂತ ಸದ್ದಾದ ಮೇಲೆ ಬಗ್ಗಿಸುತ್ತಾರೆ. ಈಗ ಬೆಳಗ್ಗೆ ಅಮ್ಮನಿಗೆ ಕಾಫಿ ಕೊಡುವುದು ಅವರೇ.