ಟೈಲ್ಸ್ ಒಡೆದರೆ ದಂಡ

ನಮ್ಮ ಕರಾವಳಿಗೂ ಈಗ ಮ್ಯೂಸಿಕಲ್ ಗಾಳಿ ಬೀಸಿದೆ. ಹಾಡು, ಕುಣಿತ, ಲೈಟು, ಹೊಗೆ ಎಲ್ಲ ಸೇರಿದ ದೊಡ್ಡ ನಾಟಕ. ದೊಡ್ಡ ನಾಟಕಕ್ಕೆ ದೊಡ್ಡ ಆಡಿಷನ್ ಬೇಡ್ವಾ? ಕಾರವಾರದಲ್ಲೊಂದು ಕಲ್ಯಾಣ ಮಂಟಪ ಹಿಡಿದರಾಯ್ತು. ಮುಹೂರ್ತ ಇಲ್ಲದ ದಿನ ಬಾಡಿಗೆಯೂ ಕಡಿಮೆ.

ಬೆಳಿಗ್ಗೆ ಒಂಬತ್ತಕ್ಕೇ ಬರಬೇಕು ಅಂತ ಕಟ್ಟುನಿಟ್ಟು. ಶಿರಸಿಯವರು ಕತ್ತಲಲ್ಲೇ ಬಸ್ ಹತ್ತಿ, ದೇವಿಮನೆ ಘಟ್ಟದ ತಿರುವಿನಲ್ಲೆಲ್ಲ ಮುಂದಿನ ಸೀಟಿಗೆ ಮಂಡಿ ಕುಟ್ಟಿಸಿಕೊಂಡು ಬಂದು ಮುಟ್ಟುತ್ತಾರೆ. ತೀರ್ಪುಗಾರರು ಬರುವುದು ಹನ್ನೊಂದೂವರೆಗೆ. ಆಮೇಲೆ ದೀಪ, ಶಾಲು, ಭಾಷಣ. ಮೈ ಬಿಸಿ ಮಾಡಿಕೊಳ್ಳೋಣ ಎಂದು ಯಾರಾದರೂ ನಾಲ್ಕು ಸಲ ಕುಪ್ಪಳಿಸಿದರೆ, 'ಗದ್ದಲ ಬೇಡ, ಸಭೆ ನಡೀತಾ ಇದೆ' ಎಂದು ಕೂರಿಸುತ್ತಾರೆ. ಮಧ್ಯಾಹ್ನ ಮೂರಕ್ಕೆ ದಿಢೀರನೆ ನಂಬರ್ ಕೂಗುತ್ತಾರೆ. 'ಫುಲ್ ಎನರ್ಜಿ ಬೇಕು!' ತಣ್ಣಗಿರುವ ಸ್ನಾಯು ಬೇಗ ಹಿಡಿದುಕೊಳ್ಳುತ್ತದೆ ಎಂಬುದು ಕುಣಿಯುವವರಿಗೆಲ್ಲ ಗೊತ್ತು. ಸೋಫಾದಲ್ಲಿ ಕೂತವರಿಗೆ ನೆನಪಿರುವುದಿಲ್ಲ. ಸೋಫಾ ಮೆತ್ತಗಿರುತ್ತದಲ್ಲ.

ನೆಲ ಮಾತ್ರ ಕಾಂಕ್ರೀಟು, ಅದರ ಮೇಲೆ ನುಣ್ಣನೆ ಟೈಲ್ಸ್. ಜಿಗಿದು ಇಳಿದರೆ ಮೈಭಾರದ ಹಲವು ಪಟ್ಟು ಪೆಟ್ಟು ಕಾಲಿಗೆ. ನೆಲ ಚೂರೂ ಜಗ್ಗದಿದ್ದರೆ ಅಷ್ಟನ್ನೂ ಹಿಮ್ಮಡಿ, ಮಂಡಿ, ಸೊಂಟವೇ ನುಂಗಬೇಕು. ನಮ್ಮ ಹಳಬರು ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನದ ಆಟ ಆಡಿಸುತ್ತಿದ್ದರು. ಮಣ್ಣಿಗೆ ಅಷ್ಟಾದರೂ ಕರುಣೆಯಿತ್ತು. ಅಮೆರಿಕದಲ್ಲಿ 1913ರಲ್ಲಿ ಹುಟ್ಟಿದ ಈಕ್ವಿಟಿ ಎಂಬ ನಟರ ಸಂಘ, ಬರೀ ಕಾಂಕ್ರೀಟಿನ ಮೇಲೆ ಕುಣಿಸಬಾರದು ಎಂದು ಒಪ್ಪಂದದಲ್ಲೇ ಬರೆಸಿಕೊಂಡಿದೆ. ಪಾಪ, ಅವರ ಮಂಡಿ ನಾಜೂಕು ಇರಬೇಕು.

ತೀರ್ಪುಗಾರರಲ್ಲಿ ಒಬ್ಬರಿಗೆ ಯಕ್ಷಗಾನವೆಂದರೆ ಪ್ರಾಣ. 'ಲೋಕಲ್ ಟಚ್ ಇರಲಿ. ಎಲ್ಲಿ, ಎಲ್ಲರೂ ಒಂದ್ಸಲ ಮಂಡಿ ಹಾಕಿ ನೋಡೋಣ' ಅನ್ನುತ್ತಾರೆ. ನೆಲಕ್ಕೆ ಮೊಣಕಾಲೂರಿ ಗರಗರ ಸುತ್ತುವುದನ್ನು ಬಡಗುತಿಟ್ಟು ಎಂಬ ಯಕ್ಷಗಾನ ಶೈಲಿಯ ವೇಷಧಾರಿಗಳು ವರ್ಷಗಟ್ಟಲೆ ಬೆವರು ಹರಿಸಿ ಕಲಿಯುತ್ತಾರೆ. ಇಲ್ಲಿ ಭರತನಾಟ್ಯದ ಹುಡುಗಿ, ಹಿಪ್‌ಹಾಪ್ ಹುಡುಗ ಇಬ್ಬರೂ ಎರಡು ನಿಮಿಷದಲ್ಲಿ ಕಲಿತು ಸುತ್ತಬೇಕು. ಹಿಂದೆ ಮುಂದೆ ನೋಡಿದರೆ 'ಡೆಡಿಕೇಶನ್ ಸಾಲದು'. ನೋವಾಯ್ತು ಎಂದು ಬಾಯಿ ಬಿಡುವವರಿಲ್ಲ. ಬಿಟ್ಟರೆ ಮುಂದಿನ ನಂಬರ್‌ನವರು ತಯಾರಾಗಿ ನಿಂತಿರುತ್ತಾರೆ.

ಒಳಗೆ ಬರುವಾಗಲೇ ಒಂದು ಫಾರ್ಮಿಗೆ ಸಹಿ ಆಗಿರುತ್ತದೆ: ಏನೇ ಪೆಟ್ಟಾದರೂ ನಾನೇ ಹೊಣೆ. ಸರಿಯೇ. ಆಯ್ಕೆಯಾದರೆ ತಾನೇ ಕಲಾವಿದ? ಅಲ್ಲಿಯ ತನಕ ಸಂಬಳವೂ ಇಲ್ಲ, ವಿಮೆಯೂ ಇಲ್ಲ, ಉಳುಕಿದ ಕಾಲು ಪೂರ್ತಿ ಸ್ವಂತದ್ದು. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಉಂಟು, ಅದಕ್ಕೆ ಬೀಗವೂ ಉಂಟು. ಕೀ ಇಟ್ಟುಕೊಂಡವರು ಅಂಕೋಲೆಗೆ ಹೋಗಿದ್ದಾರೆ, ಈಗ ಬರುತ್ತಾರೆ.

ಹಾಗಂತ ಸುರಕ್ಷತೆಯ ಕಾಳಜಿಯೇ ಇಲ್ಲ ಅನ್ನಬೇಡಿ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ: 'ಟೈಲ್ಸ್ ಒಡೆದರೆ ದಂಡ'. ಮಂಡಿ ಹಾಕಲು ಹೋದ ಹುಡುಗಿ ಜಾರಿ ದೊಪ್ಪನೆ ಬಿದ್ದಾಗ ಮೊದಲು ಓಡಿ ಬಂದವರು ಮಂಟಪದ ಮ್ಯಾನೇಜರ್ರೇ. ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು, ಆಕೆಯ ಮಂಡಿಯ ಕೆಳಗೆ ಬೆರಳಾಡಿಸಿ ನೋಡಿದರು.

'ಎಂಥದೂ ಆಗಲಿಲ್ಲ ತಂಗೀ, ಗೀರೂ ಬೀಳಲಿಲ್ಲ. ಸ್ವಲ್ಪ ಆ ಕಡೆ ಸರೀತ್ಯಾ? ಬದಿಯದ್ದೂ ಒಂದ್ಸಲ ನೋಡ್ತೆ.'