ಸೋಲನ್ನೇ ಕಾಣದ ಮಾಜಿ ಮ್ಯಾನೇಜರ್

ಫುಟ್‌ಬಾಲಿನಲ್ಲಿ ಒಂದೂ ಪಂದ್ಯ ಸೋಲದ ಮ್ಯಾನೇಜರ್ ಯಾರು ಎಂದು ಕೇಳಿದರೆ ದಾಖಲೆಯ ಪುಸ್ತಕ ತಿರುವಿ ಹಾಕಬೇಕಾಗಿಲ್ಲ. ಹಿಂದಿನ ಮ್ಯಾನೇಜರೇ ಆತ. ಕೆಲಸ ಕಳೆದುಕೊಂಡ ಮರುದಿನದಿಂದ ಆತ ಸೋಲುವುದನ್ನು ಬಿಟ್ಟುಬಿಡುತ್ತಾನೆ. ಅಲ್ಲಿಂದ ಮುಂದೆ ಆತನ ತಂಡದ ಆಯ್ಕೆ ತಪ್ಪುವುದಿಲ್ಲ, ಬದಲಿ ಆಟಗಾರ ತಡವಾಗಿ ಇಳಿಯುವುದಿಲ್ಲ, ಒಂದು ಗೋಲಿನ ಮುನ್ನಡೆ ಸಿಕ್ಕೊಡನೆ ಹನ್ನೊಂದೂ ಜನರನ್ನು ಸ್ವಂತ ಗೋಲಿನ ಮುಂದೆ ಬೇಲಿಯಂತೆ ನಿಲ್ಲಿಸುವ ಪುಕ್ಕಲುತನವೂ ಇರುವುದಿಲ್ಲ. ಹೊಸಬ ಮೈದಾನದಲ್ಲಿ ಸೋತ ಪ್ರತಿಯೊಂದು ಪಂದ್ಯವನ್ನೂ ಹಳಬ ಅಭಿಮಾನಿಗಳ ಬಾಯಲ್ಲಿ ಗೆದ್ದುಕೊಡುತ್ತಾನೆ. ಅದೂ ಕನಿಷ್ಠ ಎರಡು ಗೋಲುಗಳ ಅಂತರದಿಂದ.

ಇವರೇ ಅಲ್ಲವೇ ಹೋದ ಋತುವಿನಲ್ಲಿ ‘ತೊಲಗು, ತೊಲಗು’ ಎಂದು ಗಂಟಲು ಹರಿದುಕೊಂಡವರು ಎಂದು ನೀವು ನೆನಪಿಸಬಹುದು. ಆದರೆ ಅಭಿಮಾನಿಗೆ ನೆನಪಿನ ಶಕ್ತಿ ಇರಬೇಕೆಂದು ಯಾವ ಟಿಕೆಟ್ಟಿನ ಹಿಂದೆಯೂ ಅಚ್ಚು ಹಾಕಿಲ್ಲ. ಹೊಸ ಮ್ಯಾನೇಜರ್ ಬಂದ ಮೊದಲ ತಿಂಗಳು ‘ಈಗ ತಂಡದಲ್ಲಿ ಜೀವಕಳೆ ಬಂತು’. ಮೂರನೆಯ ತಿಂಗಳು ‘ಸ್ವಲ್ಪ ಸಮಯ ಕೊಡೋಣ’. ಚಳಿಗಾಲ ಬರುವ ಹೊತ್ತಿಗೆ ‘ಹಿಂದಿನವರು ಏನೇ ಇರಲಿ, ರಕ್ಷಣೆಯನ್ನಾದರೂ ಗಟ್ಟಿಯಾಗಿ ಕಟ್ಟಿದ್ದರು’. ಆ ‘ಏನೇ ಇರಲಿ’ಯಲ್ಲಿ ಎರಡು ವರ್ಷದ ಬೈಗುಳವೆಲ್ಲ ತೊಳೆದುಹೋಗುತ್ತದೆ.

ಈ ಶಾಸ್ತ್ರವನ್ನು ಆಳವಾಗಿ ಅಭ್ಯಾಸ ಮಾಡಬೇಕೆನ್ನುವವರು ಡೇವಿಡ್ ಮೋಯ್ಸ್ ಎಂಬ ಸ್ಕಾಟ್ಲೆಂಡಿನ ಮನುಷ್ಯನ ಜಾತಕ ನೋಡಬೇಕು. 2002ರಿಂದ 2013ರವರೆಗೆ ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬಿನ ಮ್ಯಾನೇಜರ್. ಹನ್ನೊಂದು ವರ್ಷದಲ್ಲಿ ಒಂದು ಕಪ್ಪೂ ಇಲ್ಲ. ಲೀಗ್ ಪಂದ್ಯಗಳಲ್ಲಿ ಪಕ್ಕದ ವೈರಿ ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಮೈದಾನದಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ಅತಿ ಎಚ್ಚರಿಕೆಯ ಮನುಷ್ಯ ಎಂಬ ಗೊಣಗಾಟ ಇದ್ದೇ ಇತ್ತು. ಆದರೂ ಹೊರಡುವ ದಿನ ಎವರ್ಟನ್ನಿನ ಅಂದಿನ ಮೈದಾನ ಗುಡಿಸನ್ ಪಾರ್ಕ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆತ ಹೋಗಿ ಸೇರಿದ್ದು ಮ್ಯಾಂಚೆಸ್ಟರ್ ಯುನೈಟೆಡ್. ಸೇರಿದ ಕೂಡಲೇ ಎವರ್ಟನ್ನಿನ ಆಟಗಾರರ ಮೇಲೆಯೇ ಕಣ್ಣು ಹಾಕಿ ಫೆಲೈನಿಯನ್ನು ಎಳೆದುಕೊಂಡರು. ಚಪ್ಪಾಳೆ ತಟ್ಟಿದ ಕೈಗಳೆಲ್ಲ ಮುಷ್ಟಿಯಾದವು.

2014ರ ಏಪ್ರಿಲ್ 20. ಯುನೈಟೆಡ್ ತಂಡದೊಂದಿಗೆ ಮೋಯ್ಸ್ ಗುಡಿಸನ್ನಿಗೆ ಬಂದಿದ್ದಾರೆ, ಎರಡು ಗೋಲು ಹಿಂದೆ ಬಿದ್ದಿದ್ದಾರೆ. ಅಂಚಿನ ಗೆರೆಯ ಬಳಿ ಸಪ್ಪೆ ಮುಖ ಮಾಡಿಕೊಂಡ ಅವರ ಬೆನ್ನ ಹಿಂದೆ, ಪ್ರೇಕ್ಷಕರ ಸಾಲಿನಲ್ಲಿ, ಕಪ್ಪು ನಿಲುವಂಗಿ ತೊಟ್ಟ ಮೃತ್ಯುದೂತನ ವೇಷಧಾರಿಯೊಬ್ಬ ಉದ್ದನೆಯ ಕುಡುಗೋಲನ್ನು ಬೀಸುತ್ತಿದ್ದಾನೆ. ಛಾಯಾಗ್ರಾಹಕರಿಗೆ ಹಬ್ಬ. ಎರಡು ದಿನದಲ್ಲಿ ಯುನೈಟೆಡ್ ಮೋಯ್ಸರನ್ನು ಮನೆಗೆ ಕಳುಹಿಸಿತು. ನಮ್ಮ ಯಮದೂತರೂ ಇಷ್ಟು ಚುರುಕಾಗಿ ಕೆಲಸ ಮುಗಿಸುವುದಿಲ್ಲ. ಚಿತ್ರಗುಪ್ತನ ಲೆಕ್ಕ ಹೊಂದಿಸುವುದರಲ್ಲಿಯೇ ಅವರಿಗೆ ಹೊತ್ತಾಗುತ್ತದೆ.

ಮೋಯ್ಸ್ ಬಿಟ್ಟುಹೋದ ಮೇಲೆ ಎವರ್ಟನ್ ಎಂಟು ಮ್ಯಾನೇಜರ್‌ಗಳ ರುಚಿ ನೋಡಿತು. ಮಾರ್ಟಿನೆಸ್, ಕೂಮನ್, ಅಲರ್ಡೈಸ್, ಸಿಲ್ವಾ, ಆನ್ಚೆಲೊಟ್ಟಿ, ಬೆನಿಟೆಸ್, ಲ್ಯಾಂಪಾರ್ಡ್, ಡೈಚ್. ಇವರಲ್ಲಿ ಬೆನಿಟೆಸ್ ಅಂತೂ ಎದುರಾಳಿ ಲಿವರ್‌ಪೂಲ್ ಕ್ಲಬ್ಬಿನಲ್ಲಿದ್ದಾಗ ಎವರ್ಟನ್ ಅನ್ನು ಸಣ್ಣ ಕ್ಲಬ್ ಎಂದು ಕರೆದಿದ್ದವರು. ಅವರನ್ನೇ ಸಂಬಳ ಕೊಟ್ಟು ಕರೆತಂದು, ಏಳು ತಿಂಗಳೊಳಗೆ ಹೊರಗೆ ಹಾಕಿದರು. ಪ್ರತಿ ಹೊಸ ಮುಖದೊಂದಿಗೆ ಮೋಯ್ಸರ ಮುಖಕ್ಕೆ ಒಂದೊಂದು ಸುತ್ತು ಪ್ರಭಾವಳಿ ಏರುತ್ತ ಹೋಯಿತು. ಕಡೆಗೆ 2025ರ ಜನವರಿಯಲ್ಲಿ ಅವರನ್ನೇ ಮರಳಿ ಕರೆದದ್ದಾಯಿತು. ಅಂದಿನ ದ್ರೋಹಿ ಇಂದಿನ ಕುಲದೈವ. ಅತಿ ಎಚ್ಚರಿಕೆ ಎಂಬ ಹಳೆಯ ಕಾಯಿಲೆಗೆ ಈಗ ‘ಅನುಭವ’ ಎಂದು ಹೆಸರು.

ಇನ್ನೂ ಸೊಗಸು ಇರುವುದು ಲಂಡನ್ನಿನಲ್ಲಿ. ಇದೇ ಮೋಯ್ಸ್ ವೆಸ್ಟ್ ಹ್ಯಾಮ್ ಕ್ಲಬ್ಬಿಗೆ 2023ರಲ್ಲಿ ಯುರೋಪಾ ಕಾನ್ಫರೆನ್ಸ್ ಲೀಗ್ ಗೆದ್ದುಕೊಟ್ಟರು. 1980ರ ನಂತರ ಆ ಕ್ಲಬ್ಬು ಕಂಡ ಮೊದಲ ದೊಡ್ಡ ಕಪ್ಪು. ಮರುವರ್ಷವೇ ಅಭಿಮಾನಿಗಳಿಗೆ ಆಕಳಿಕೆ ಬಂತು, ಆಟದಲ್ಲಿ ಸೌಂದರ್ಯವಿಲ್ಲ ಎಂದರು. ಒಪ್ಪಂದ ಮುಗಿಯಿತು, ಸೌಂದರ್ಯದ ಗುತ್ತಿಗೆಯನ್ನು ಲೋಪೆಟೆಗಿಗೆ ವಹಿಸಿದರು. ಆರೇ ತಿಂಗಳಲ್ಲಿ ಲೋಪೆಟೆಗಿ ಹೊರಬಿದ್ದರು. ಆ ವಾರವೇ ಮೋಯ್ಸ್ ಎವರ್ಟನ್ನಿಗೆ ಮರಳಿದರು. ಹಿತ್ತಲ ಗಿಡ ಮದ್ದಲ್ಲ, ನಿಜ. ಆದರೆ ಕಿತ್ತು ಪಕ್ಕದ ಹಿತ್ತಲಿಗೆ ನೆಟ್ಟ ಮರುದಿನವೇ ಅದು ಸಂಜೀವಿನಿಯಾಗುವ ಪರಿ ಯಾವ ಆಯುರ್ವೇದಕ್ಕೂ ತಿಳಿದಿಲ್ಲ.

ನೆಲದ ಮೇಲೆ ಕೂಗಿ ತೃಪ್ತಿಯಾಗದವರು ಆಕಾಶವನ್ನೂ ಬಾಡಿಗೆಗೆ ಹಿಡಿಯುತ್ತಾರೆ. 2017ರ ಮಾರ್ಚ್‌ನಲ್ಲಿ ಆರ್ಸೆನಲ್ ತಂಡ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಆಡುತ್ತಿದ್ದಾಗ ಮೈದಾನದ ಮೇಲೆ ಪುಟ್ಟ ವಿಮಾನವೊಂದು ಆ ತಂಡದ ಮ್ಯಾನೇಜರ್ ಆರ್ಸೆನ್ ವೆಂಗರ್ ತೊಲಗಲಿ ಎಂಬ ಬ್ಯಾನರನ್ನು ಬಾಲಕ್ಕೆ ಕಟ್ಟಿಕೊಂಡು ಸುತ್ತು ಹಾಕಿತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ವಿಮಾನ ಬಂತು. ಅದರ ಬಾಲದಲ್ಲಿ ವೆಂಗರ್ ಮೇಲೆ ನಮಗೆ ನಂಬಿಕೆಯಿದೆ ಎಂಬ ಬರಹ. ಕೆಳಗೆ ಆರ್ಸೆನಲ್ 3-1ರಿಂದ ಸೋತಿತು. ಮೇಲಿನ ಪಂದ್ಯವಾದರೂ 1-1ರ ಸಮಬಲದಲ್ಲಿ ಮುಗಿಯಿತಲ್ಲ ಎಂಬುದೇ ಸಮಾಧಾನ. ಒಂದು ಋತುವಿನ 38 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದ ತಂಡ ಕಟ್ಟಿದ ಮನುಷ್ಯನ ಬಗ್ಗೆ ಈ ವೈಮಾನಿಕ ಚರ್ಚೆ. ‘ವೆಂಗರ್ ತೊಲಗಲಿ’ ಎಷ್ಟು ಜನಪ್ರಿಯವಾಯಿತೆಂದರೆ, ಅದೇ ವರ್ಷದ ನವೆಂಬರ್‌ನಲ್ಲಿ ರಾಬರ್ಟ್ ಮುಗಾಬೆ ಇಳಿಯಲೆಂದು ಜಿಂಬಾಬ್ವೆಯ ಜನ ಬೀದಿಗಿಳಿದಾಗ ಅಲ್ಲಿಯೂ ಯಾರೋ ಆ ಫಲಕ ಹಿಡಿದಿದ್ದರು. 37 ವರ್ಷ ಆಳಿದ ಮುಗಾಬೆ ಆ ತಿಂಗಳೇ ಇಳಿದರು. ವೆಂಗರ್ ಮಾತ್ರ ಮರುವರ್ಷದ ಮೇ ತಿಂಗಳವರೆಗೆ ಕದಲಲಿಲ್ಲ. ಈಗ ಅದೇ ಕ್ಲಬ್ಬಿನ ಮೈದಾನದ ಹೊರಗೆ, 2023ರಿಂದ, ಅವರ ಕಂಚಿನ ಪ್ರತಿಮೆ ಇದೆ. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಮೊದಲ ವಿಮಾನಕ್ಕೆ ಚಂದಾ ಕೊಟ್ಟವರು ಯಾರು, ಎರಡನೆಯದಕ್ಕೆ ಕೊಟ್ಟವರು ಯಾರು ಎಂದು ಗುರುತಿಸುವ ಯಂತ್ರ ಇನ್ನೂ ಬಂದಿಲ್ಲ. ಕಂಚಿನ ಮ್ಯಾನೇಜರ್‌ನದು ನಿಶ್ಚಿಂತೆಯ ಬಾಳು: ಮೈದಾನದ ಅಂಚಿನಲ್ಲಿ ವೆಂಗರ್ ಆಗಾಗ ಪರದಾಡುತ್ತಿದ್ದಂತೆ ಕೋಟಿನ ಜಿಪ್ಪಿಗಾಗಿ ಪರದಾಡಬೇಕಿಲ್ಲ, ಪತ್ರಿಕಾಗೋಷ್ಠಿಯೂ ಇಲ್ಲ.

ಪಾಪ, ಬ್ರಯನ್ ಕ್ಲಫ್ ಅವರ ವಿಷಯದಲ್ಲಿ ಅಭಿಮಾನ ಒಂದು ಪ್ರತಿಮೆಗೆ ನಿಲ್ಲಲಿಲ್ಲ. ಡರ್ಬಿಯವರಿಗೂ ನಾಟಿಂಗ್‌ಹ್ಯಾಮಿನವರಿಗೂ ಜನ್ಮದ ವೈರ. ಎರಡೂ ಊರಿನ ಕ್ಲಬ್ಬುಗಳಿಗೆ ಮ್ಯಾನೇಜರ್ ಆಗಿದ್ದವರು ಕ್ಲಫ್; ಎರಡೂ ಊರಿನಲ್ಲಿ ಅವರ ಪ್ರತಿಮೆ ಇದೆ, ನಡುವಿನ ಹೆದ್ದಾರಿಗೂ ಅವರದೇ ಹೆಸರು. ನಡುವೆ 1974ರಲ್ಲಿ ಅವರು ಲೀಡ್ಸ್ ಕ್ಲಬ್ಬಿನ ಮ್ಯಾನೇಜರ್ ಆಗಿಯೂ 44 ದಿನ ಇದ್ದರು. ಆ ಲೆಕ್ಕದಲ್ಲಿ ಅಲ್ಲಿಗೆ ಎಷ್ಟು ಮಾರು ರಸ್ತೆ ಸಲ್ಲಬೇಕೋ ಲೋಕೋಪಯೋಗಿ ಇಲಾಖೆಯವರೇ ಹೇಳಬೇಕು.

ಇತ್ತೀಚೆಗೆ ಈ ಕೆಲಸದ ವೇಗ ಹೆಚ್ಚಿದೆ. 2016ರಲ್ಲಿ ಲೆಸ್ಟರ್‌ಗೆ ಲೀಗ್ ಗೆದ್ದುಕೊಟ್ಟ ರನಿಯೇರಿ ಒಂಬತ್ತು ತಿಂಗಳಲ್ಲಿ ಮಾಜಿಯಾದರು. 2025ರಲ್ಲಿ ಟಾಟನ್‌ಹ್ಯಾಮ್‌ಗೆ 17 ವರ್ಷಗಳ ನಂತರ ಕಪ್ಪು ತಂದ ಪೋಸ್ಟೆಕೊಗ್ಲು 16 ದಿನದಲ್ಲಿ. ಲೀಗ್‌ನಲ್ಲಿ ಹದಿನೇಳನೆಯ ಸ್ಥಾನಕ್ಕೆ ಕುಸಿದಿದ್ದಾಗ ಅವರನ್ನು ಶಪಿಸಿದವರಿಗೆ ಕಪ್ಪಿನ ಮೆರವಣಿಗೆಯಲ್ಲಿ ಜೈಕಾರ ಹಾಕಿ, ಮನೆಗೆ ಬಂದು ನೀರು ಕುಡಿಯುವಷ್ಟರಲ್ಲಿ ಅವರನ್ನು ನೆನೆದು ಕಣ್ಣೀರಿಡುವ ಸರದಿ ಬಂತು. ಇಷ್ಟು ಕಡಿಮೆ ಅವಧಿಯಲ್ಲಿ ಮೂರು ಭಾವ ಬದಲಿಸುವುದು ಯಕ್ಷಗಾನದ ಪಳಗಿದ ವೇಷಧಾರಿಗೂ ಕಷ್ಟ.

ಕ್ಲಬ್ಬಿನ ಮಾಲೀಕರಿಗೆ ಇದರಲ್ಲಿ ಅನುಕೂಲವೇ. ಐದು ವರ್ಷ ಕಳಪೆ ಆಟಗಾರರನ್ನು ಕೊಂಡವರು ಯಾರು, ಸಾಲ ಮಾಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಕೊತ್ತಿಗೆ ಒಪ್ಪಂದದ ಉಳಿದ ಅವಧಿಯ ಹಣ ಕೊಟ್ಟು ಹೊರಗೆ ಬಿಟ್ಟರಾಯಿತು. ಮುಂದಿನ ವರ್ಷ ಕೊತ್ತಿಯನ್ನು ನೆನೆದು ಎಲ್ಲರೂ ಅಳುವಾಗ ಅತ್ತೆಯೂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳಬಹುದು.

ಆದ್ದರಿಂದ ಕ್ಲಬ್ಬುಗಳಿಗೆ ನನ್ನದೊಂದು ಉಚಿತ ಸಲಹೆ. ಹೊಸ ಮ್ಯಾನೇಜರ್ ಸಹಿ ಹಾಕುವ ದಿನವೇ ಶಿಲ್ಪಿಯನ್ನು ಕರೆಸಿ ಅಳತೆ ತೆಗೆಸಿಕೊಳ್ಳಿ; ಆತನ ಮುಖದಲ್ಲಿ ನಗು ಇರುವುದು ಅಂದು ಮಾತ್ರ. ಅಭಿಮಾನಿ ಸಂಘಗಳೂ ಅಷ್ಟೇ, ಸುಮ್ಮನೆ ಎರಡೆರಡು ವಿಮಾನಕ್ಕೆ ದುಡ್ಡು ಸುರಿಯಬೇಡಿ. ಒಂದೇ ಬಟ್ಟೆಯ ಈ ಬದಿಗೆ ‘ತೊಲಗು’, ಆ ಬದಿಗೆ ‘ಮರಳಿ ಬಾ’ ಎಂದು ಬರೆಸಿಟ್ಟುಕೊಳ್ಳಿ. ಹೆಸರಿನ ಜಾಗ ಖಾಲಿ ಇರಲಿ.