ಪಿ.ಓ. ಅಂದ್ರೆ ಬ್ಯಾಂಕಲ್ಲ ಕಾಕಾ

ಹೋದ ತಿಂಗಳು ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಅಕ್ಕನ ಮನೆಗೆ ಹುಬ್ಬಳ್ಳಿಯಿಂದ ಹೆಣ್ಣಿನ ಕಡೆಯವರು ಬಂದಿದ್ದರು. ಹುಡುಗ ಪಿ.ಓ. ಅಂತ ಅಕ್ಕ ಫೋನಿನಲ್ಲೇ ಹೇಳಿಬಿಟ್ಟಿದ್ದಳು. ಸುಳ್ಳೇನಲ್ಲ.

"ಯಾವ ಬ್ಯಾಂಕ್ರೀ?" ಅಂದರು ಹುಡುಗಿಯ ಅಪ್ಪ, ಉಪ್ಪಿಟ್ಟಿನ ಚಮಚ ಎತ್ತುತ್ತಾ.

"ಬ್ಯಾಂಕಲ್ಲ ಕಾಕಾ, ಪ್ರೊಬೇಶನ್ ಆಫೀಸರ್. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳನ್ನ ದಾರಿಗೆ ತರೋದು."

ಚಮಚ ಅಲ್ಲೇ ನಿಂತಿತು. "ಪರ್ಮನೆಂಟೇನು?"

"ಇಲ್ಲ. ಗುತ್ತಿಗೆ."

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಸನ್ನಡತೆಯ ಮೇಲೆ ಬಿಟ್ಟ ಹುಡುಗನ ಪ್ರೊಬೇಶನ್ ಹೆಚ್ಚೆಂದರೆ ಮೂರು ವರ್ಷ. ದೊಡ್ಡವರಿಗೆ 1958ರ ಅಪರಾಧಿಗಳ ಪ್ರೊಬೇಶನ್ ಕಾಯ್ದೆ ಇದೆ, ಅಲ್ಲೂ ಮುಚ್ಚಳಿಕೆ ಮೂರು ವರ್ಷ ದಾಟುವಂತಿಲ್ಲ. ನಮ್ಮ ಹುಡುಗ ಕೆಲಸಕ್ಕೆ ಸೇರಿ ಐದು ವರ್ಷವಾಯಿತು, ಅವನ ಸನ್ನಡತೆ ಇನ್ನೂ ಸಾಬೀತಾಗಿಲ್ಲ, ಪ್ರತಿ ಸಲ ಗುತ್ತಿಗೆ ಮುಗಿಯುವ ಹೊತ್ತಿಗೆ ಬಿ.ಪಿ. ಮಾತ್ರೆ ಜಾಸ್ತಿಯಾಗುತ್ತೆ. ಕದ್ದಿದ್ದರೆ ಇಷ್ಟರಲ್ಲಿ ಬಿಡುಗಡೆ ಆಗಿರುತ್ತಿತ್ತು, ಅಲ್ವಾ?

ಕೆಲಸ ನೋಡಿದ್ದೇನೆ. ಯೆರವಡಾದ ಒಂದು ಕೊಳೆಗೇರಿಯಲ್ಲಿ ಬೋರಲು ಹಾಕಿದ ಬಕೆಟ್ ಮೇಲೆ ಕೂತು, ಮೊಣಕಾಲ ಮೇಲೆ ಫಾರ್ಮ್ ಇಟ್ಟುಕೊಂಡು, ಹುಡುಗ ಶಾಲೆ ಯಾಕೆ ಬಿಟ್ಟ, ಅಪ್ಪ ಕುಡಿಯುತ್ತಾನಾ, ಗೆಳೆಯರು ಯಾರು ಅಂತ ಮುರುಕಲು ಮರಾಠಿಯಲ್ಲಿ ಕೇಳುತ್ತಾ ಬರೆಯುತ್ತಾನೆ. ಹದಿನೈದು ದಿನದೊಳಗೆ ವರದಿ ಕೊಡಬೇಕು. ಪುಟಗಟ್ಟಲೆ.

ಇದೇ ಪುಣೆಯಲ್ಲಿ 2024ರ ಮೇನಲ್ಲಿ, ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಶೆ ಕಾರು ಗುದ್ದಿ ಇಬ್ಬರು ಎಂಜಿನಿಯರುಗಳು ಸತ್ತಾಗ, ಜಾಮೀನಿಗೆ ಹಾಕಿದ ಷರತ್ತುಗಳಲ್ಲೊಂದು ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ. ಊರು ಹೊತ್ತಿ ಉರಿದ ಮೇಲೆ ಆದೇಶ ಬದಲಾಯಿತು, ಅದು ಬೇರೆ ಮಾತು. ಆದರೆ ನೋಡಿ, ಸುಧಾರಣೆ ಅಂದರೆ ಕನ್ನಡ ಮೇಷ್ಟ್ರು 'ನಾನು ಕಂಡ ಜಾತ್ರೆ' ಬರೆಸಿದ ಹಾಗೆ ಅಂತ ನಂಬಿದ ಮೇಲೆ ಬಕೆಟ್ ಮೇಲೆ ಕೂತವನಿಗೆ ಸಂಬಳ ಯಾಕೆ ಕೊಡಬೇಕು, ಒಂದು ನೋಟ್‌ಬುಕ್ ಸಾಕಲ್ಲ!

ಅದೇ ವರ್ಷ ಇನ್ನೊಂದೂ ಬಂತು. 2024ರ ಜುಲೈ 1ರಿಂದ ಹಳೇ ಐಪಿಸಿಯ ಬದಲಿಗೆ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, 5,000 ರೂಪಾಯಿಗಿಂತ ಕಮ್ಮಿ ಬೆಲೆಯದನ್ನು ಮೊದಲ ಸಲ ಕದ್ದು ಸಿಕ್ಕಿಬಿದ್ದವನು ಮಾಲು ವಾಪಸ್ ಕೊಟ್ಟರೆ, ಸಮಾಜಸೇವೆಯೇ ಶಿಕ್ಷೆ. ನಮ್ಮ ಹುಡುಗ ಏನೂ ಕದಿಯದೆ ಎರಡು ವರ್ಷ ಫೀಸು ಕಟ್ಟಿ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಡಿಗ್ರಿ ಮಾಡಿದ್ದಾನೆ.

ಅಷ್ಟರಲ್ಲಿ ಅವನ ಫೋನ್ ಬಂತು. ಮಾತಾಡಿ ನಗುತ್ತಾ ಬಂದ. "ನನ್ನ ಕೈಕೆಳಗಿದ್ದ ಹುಡುಗ. ಪ್ರೊಬೇಶನ್ ಮುಗಿಸಿ ಚಾಕಣದ ಫ್ಯಾಕ್ಟರಿ ಸೇರಿದ್ದ. ಇವತ್ತು ಪರ್ಮನೆಂಟ್ ಆಯ್ತಂತೆ, ಪೇಡೆ ತರ್ತಾನಂತೆ."

ಹುಡುಗಿಯ ಅಪ್ಪ ತಟ್ಟೆ ಕೆಳಗಿಟ್ಟರು. "ಹೌದಾ? ಅಂವ ಯಾರ ಪೈಕಿ? ಲಗ್ನ ಆಗೇದೇನು?"

"ಹೆಸರು ಹೇಳೋ ಹಾಗಿಲ್ಲ ಕಾಕಾ. ಕಾನೂನು ಬಿಡಲ್ಲ."